ಅಡಿಗೆಮನೆಯ ಬಾಗಿಲಲ್ಲಿದ್ದ ಮುಖ

"ಗುರುಗಳೇ, ಹೊಸ ಟಿ.ವಿ. ತಂದಿದ್ದೇನೆ. ಹಳೆಯ ವಿಡಿಯೋ ಡಿಸ್ಕ್ ಹಾಕಿದರೆ ಚಿತ್ರ ಮಸುಕಾಗಿ ಕಾಣುತ್ತದೆ. ಅದನ್ನು ತಿದ್ದಿ ತೋರಿಸುವ ಅಪ್‌ಸ್ಕೇಲಿಂಗ್ ಪ್ಲೇಯರ್ ಅಂತ ಒಂದಿದೆಯಂತೆ. ಕೊಳ್ಳಲೋ ಬೇಡವೋ?"

ತಿಪ್ಪೇಶ ಹೀಗೆ ಕೇಳಿದ್ದು ಮಗಳ ಮದುವೆಗೆ ಕರೆಯಲು ಮಠಕ್ಕೆ ಬಂದಾಗ. ಮದುವೆಗೆ ಇನ್ನೊಂದು ವಾರವಿತ್ತು. ಲಗ್ನಪತ್ರಿಕೆಯನ್ನು ಗುರುಗಳ ಮುಂದಿಟ್ಟು, ಅಡ್ಡಬಿದ್ದು, ಕುಳಿತಿದ್ದ.

ಗುರುಗಳು ಪತ್ರಿಕೆಯನ್ನು ಓದಿದರು. "ನಿನ್ನ ಅಕ್ಕ ಹೇಗಿದ್ದಾಳೆ?" ಎಂದು ಕೇಳಿದರು. ಗಂಡ ಸತ್ತ ಮೇಲೆ ಅಕ್ಕ ತಿಪ್ಪೇಶನ ಮನೆಯಲ್ಲೇ ಇದ್ದಳು. ಮಗಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

"ಅವಳಿಗೇನು ಗುರುಗಳೇ, ಚೆನ್ನಾಗಿದ್ದಾಳೆ. ಮದುವೆಯ ದಿನ ಅಡಿಗೆಯ ಉಸ್ತುವಾರಿ ಅವಳದೇ. ಒಳಗೇ ಇರುತ್ತಾಳೆ."

ಗುರುಗಳ ಮುಖ ಕೆಂಪೇರಿತು. ಪತ್ರಿಕೆಯನ್ನು ಪಕ್ಕಕ್ಕೆ ತಳ್ಳಿದರು. ತಾನು ಆಡಬಾರದ್ದು ಏನು ಆಡಿದೆ ಎಂದು ತಿಪ್ಪೇಶನಿಗೆ ತಿಳಿಯಲಿಲ್ಲ. ಬೈಗುಳ ಬೀಳುತ್ತದೆಂದು ಕಾದ. ಬಂದದ್ದು ಕತೆ. ಆದರೆ ಅದನ್ನು ಗುರುಗಳು ಹೇಳಿದ್ದು ಬೈಯುವ ದನಿಯಲ್ಲೇ.

ಒಬ್ಬ ವ್ಯಾಪಾರಿ ಇದ್ದ. ಅವನ ತಾಯಿ ತೀರಿಕೊಂಡಳು. ಹಾರ ಹಾಕಲು ಮನೆಯಲ್ಲಿ ಒಂದು ಒಳ್ಳೆಯ ಫೋಟೋ ಇರಲಿಲ್ಲ. ತಾಯಿಯ ಮುಖ ದಿನೇ ದಿನೇ ಮರೆತುಹೋಗುತ್ತಿದೆ ಎಂಬ ಭಯ ಅವನಿಗೆ ಹತ್ತಿತು. ತನ್ನ ಮದುವೆಯ ವಿಡಿಯೋ ಡಿಸ್ಕ್ ನೆನಪಾಗಿ, ಹಾಕಿ ನೋಡಿದ. ಮೂರು ಗಂಟೆಯ ಚಿತ್ರದಲ್ಲಿ ತಾಯಿ ಒಂದೇ ಒಂದು ಸಲ ಕಂಡಳು. ಗಟ್ಟಿಮೇಳದ ಹೊತ್ತು. ಛತ್ರದ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಅಲ್ಲಿಂದಲೇ ಮಗನ ಕಡೆ ಅಕ್ಷತೆ ಎಸೆಯುತ್ತಿದ್ದಳು. ಕೈ ಕಾಣುತ್ತಿತ್ತು. ಮುಖ ಬರೀ ಮಸುಕು.

ವ್ಯಾಪಾರಿ ಗೋಡೆಯಗಲದ ಟಿ.ವಿ. ತಂದ. ಮಸುಕೂ ಗೋಡೆಯಗಲ ಆಯಿತು. ಅಪ್‌ಸ್ಕೇಲಿಂಗ್ ಪ್ಲೇಯರ್ ಬೇಕೆಂದು ಮತ್ತೆ ಅಂಗಡಿಗೆ ಓಡಿದ. ಅಂಗಡಿಯವನು ಪ್ರಾಮಾಣಿಕ. "ಬೇಡಿ ಸ್ವಾಮಿ. ಆ ಕೆಲಸಾನ ನಿಮ್ಮ ಟಿ.ವಿ.ನೇ ಮಾಡುತ್ತೆ. ಅದಾಗಲಿ ಇದಾಗಲಿ, ಇರೋದನ್ನ ದೊಡ್ಡದು ಮಾಡಿ ಒಂಚೂರು ನಯ ಮಾಡ್ತವೆ, ಅಷ್ಟೇ. ಡಿಸ್ಕಲ್ಲಿ ಇಲ್ಲದ್ದನ್ನ ಎಲ್ಲಿಂದ ತರ್ತವೆ?" ಎಂದ. ವ್ಯಾಪಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಟ ಹಿಡಿದು ಕೊಂಡೊಯ್ದ. ತಾಯಿಯ ಸೀರೆಯ ಅಂಚು ಸ್ವಲ್ಪ ನಯವಾಯಿತು. ಮುಖ ಮೂಡಲಿಲ್ಲ.

ಅವನಿಗೆ ಸಿಟ್ಟು ನೆತ್ತಿಗೇರಿತು. ರಿಮೋಟನ್ನು ಗೋಡೆಗೆ ಬೀಸಿ ಒಗೆದ. ಅಡ್ಡ ಬಂದ ಹೆಂಡತಿಯ ಮೇಲೆ ಹರಿಹಾಯ್ದ. ಮದುವೆಯ ವಿಡಿಯೋ ತೆಗೆದವನನ್ನು ಹುಡುಕಿಕೊಂಡು ಹೋಗಿ, ಅವನ ಸ್ಟುಡಿಯೋದಲ್ಲೇ ಕೊರಳಪಟ್ಟಿ ಹಿಡಿದ.

"ಹೆತ್ತ ತಾಯಿ ಕಣೋ ಅವಳು! ಬೀಗರ ಚಪ್ಪಲೀನೂ ಬಿಡದೆ ತೆಗೆದಿದ್ದೀಯ. ನಮ್ಮಮ್ಮನ ಮುಖ ತೆಗೆಯೋಕೆ ನಿನಗೇನು ರೋಗ ಬಂದಿತ್ತು?"

ವಿಡಿಯೋದವನಿಗೂ ರೇಗಿತು. "ಕೈ ತೆಗೀರಿ ಸ್ವಾಮಿ. ಧಾರೆ ಹೊತ್ತಲ್ಲಿ ವಿಧವೆ ಕಾಣಿಸಬಾರದು, ಆ ಬಾಗಿಲ ಕಡೆ ಕ್ಯಾಮೆರಾ ತಿರುಗಿಸಬೇಡ ಅಂತ ಹೇಳಿದ್ದು ಯಾರು? ನೀವೇ. ಬಾಸಿಂಗ ಕಟ್ಟಿಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿದ್ರಿ. ಅಷ್ಟಾದರೂ ಬಂದಿರೋದು ನನ್ನ ಕೈ ತಪ್ಪಿ."

ವ್ಯಾಪಾರಿ ಕೊರಳಪಟ್ಟಿ ಬಿಟ್ಟ. ಅವನ ಸಿಟ್ಟಿಗೆ ಹಿಡಿದುಕೊಳ್ಳಲು ಬೇರೆ ಯಾರೂ ಉಳಿದಿರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ತಿಪ್ಪೇಶ, ಏನಾದರೂ ಹೇಳಬೇಕಲ್ಲ ಎಂದು, "ಹಾಗಾದರೆ ಆ ಪ್ಲೇಯರ್ ಬೇಡ ಅಂತೀರಾ?" ಎಂದ.

"ಬೇಡ. ನಿನ್ನ ಟಿ.ವಿ.ಗೆ ಸಾದಾ ಪ್ಲೇಯರೇ ಸಾಕು," ಎಂದರು ಗುರುಗಳು. ಲಗ್ನಪತ್ರಿಕೆಯನ್ನು ಎತ್ತಿ ಅವನ ಕೈಗೆ ಹಿಂದಿರುಗಿಸಿದರು.

"ಈಗ ನನ್ನ ಪ್ರಶ್ನೆಗೆ ಉತ್ತರ ಹೇಳು: ಧಾರೆಯ ಹೊತ್ತಿಗೆ ನಿನ್ನ ಅಕ್ಕ ಎಲ್ಲಿ ನಿಂತಿರುತ್ತಾಳೆ?"