ಒಂದು ಬಿಸಿಲಿನ ಬಾಕಿ

ಒಂದಾನೊಂದು ಕಾಲದಲ್ಲಿ ಅಂತ ನಾನು ಬಾಯಿ ತೆಗೆಯೋ ಹೊತ್ತಿಗೇ ಮಾಳವ್ವ ಹಿಮದ ಬೆಟ್ಟದಲ್ಲಿ ದಾರಿ ತಪ್ಪಿ ನಿಂತಿದ್ದಳಂತೆ. ಹಿಮ ಅಂದ್ರೆ ಗೊತ್ತಲ್ಲ ಪುಟ್ಟಿ, ಮೇಲೆ ಯಾರೋ ಕೂತು ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ಉದುರೋದು. ಚಿತ್ರದುರ್ಗದ ಕಡೆಯ ಕಂಬಳಿ ನೇಯೋಳು ಅವಳು, ಕಾಲಲ್ಲಿ ಚಕ್ರ, ಕಂಬಳಿ ಮಾರ್ತಾ ಮಾರ್ತಾ ಏಳು ಸೀಮೆ ದಾಟಿ, ಕೊನೇ ಕಂಬಳಿಯೊಂದು ಉಳಿದಿರೋವಾಗ ಅಲ್ಲಿಗೆ ಬಂದು, ಎದುರು ಸಿಕ್ಕ ಆ ಊರಿನ ದೆಸ್ಕಿತ್ ಅನ್ನೋ ಅಜ್ಜಿಯನ್ನ, ಅವ್ವಾ, ಕೆಳಗಿಳಿಯೋ ದಾರಿ ಯಾವುದು ಅಂತ ಕೇಳಿದಳಂತೆ. ನಿನ್ನೆವರೆಗೂ ಇತ್ತು ಮಗಳೇ, ಈಗ ಹಿಮದಡಿ ಮಲಗಿದೆ, ಅದು ಏಳೋವರೆಗೆ ನಮ್ಮನೇಲಿರು ಅಂದಳಂತೆ ಅಜ್ಜಿ.

ಆ ಊರಲ್ಲಿ ಕಾಲಿಗೆ ಉದ್ದನೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋರಂತೆ. ಜಾರೋದಕ್ಕೇ ದೂರದೂರದಿಂದ ಜನ ಬರೋರು, ಅವರಿಂದಲೇ ಊರಿನ ಒಲೆ ಉರಿಯೋದು. ನಾಳೆ ಹಿಮವೋ ಬಿಸಿಲೋ ಅಂತ ಹೇಳ್ತಿದ್ದದ್ದು ದೆಸ್ಕಿತಜ್ಜಿಯ ಮಂಡಿ. ನೋವು ಬಂದ್ರೆ ಹಿಮ, ಇಲ್ಲದಿದ್ರೆ ಬಿಸಿಲು. ಆ ವರ್ಷ ಮಂಡಿಗೆ ಜೋಮು ಹಿಡಿದು ಮಾತೇ ನಿಲ್ಲಿಸಿಬಿಟ್ಟಿತ್ತಂತೆ. ಅದೇನು ಮಹಾ, ನನ್ನ ಕಂಬಳಿ ಹೇಳುತ್ತೆ ಅಂದಳಂತೆ ಮಾಳವ್ವ. ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿ ನೋಡು, ಗಾಳೀಲಿ ನೀರಿದ್ರೆ ಮೆತ್ತಗಾಗುತ್ತೆ, ಇಲ್ಲದಿದ್ರೆ ಹಪ್ಪಳದ ಹಾಗೆ ಗರಿಗರಿ.

ಆಮೇಲೆ ಮೊದಲನೇ ದಿನ ಚಳಿ ತಡೀಲಾರದೆ ಅದನ್ನ ಒಲೆ ಪಕ್ಕ ನೇತುಹಾಕಿದಳಂತೆ. ಗರಿಗರಿ! ಹೋಗಿ ಜಾರಿ ಅಂದಳು. ಮಧ್ಯಾಹ್ನಕ್ಕೆ ಹಿಮ ಸುರಿದು, ಹೋದವರೆಲ್ಲ ಸೊಂಟದವರೆಗೆ ಹೂತು, ಎಳೆದು ತರೋದ್ರಲ್ಲಿ ಊರಿಗೂರೇ ಬಸವಳೀತಂತೆ. ಎರಡನೇ ದಿನ ಅಂಗಳದಲ್ಲಿ ಹಾಕಿದಳಂತೆ. ಅದು ಹೆಪ್ಪುಗಟ್ಟಿ ಬಾಗಿಲಿನ ಹಾಗೆ ನಿಂತಿತ್ತು, ಇವಳಿಗೆ ಅದೂ ಗರಿಗರಿ! ಮತ್ತೆ ಹಿಮ. ಇನ್ನೊಂದು ಸಲ ಹೀಗಾದ್ರೆ ಈ ಊರಿನ ಕಡೆ ತಲೆ ಹಾಕಿಯೂ ಮಲಗಲ್ಲ ಅಂದರಂತೆ ಬಂದವರು.

ದೆಸ್ಕಿತಜ್ಜಿ ಬೈಯಲಿಲ್ಲವಂತೆ. ಎಪ್ಪತ್ತು ವರ್ಷ ಈ ಮಂಡಿ ಉಳಿಸಿದ್ದ ಮಾನಾನ ನಿನ್ನ ಕಂಬಳಿ ಎರಡೇ ದಿನಕ್ಕೆ ಕಳೀತಲ್ಲ ತಾಯಿ, ನೀನು ನಮಗೆ ಒಂದು ಬಿಸಿಲು ಬಾಕಿ ಅಂದಳಂತೆ, ಅಷ್ಟೇ.

ಮಾಳವ್ವ ಕಂಬಳೀಲಿ ಮುಖ ಹುದುಗಿಸಿ ಕೂತಳಂತೆ. ಹುಣಸೆ ಗಂಜಿಯ ವಾಸನೆ. ಎಷ್ಟು ಸೀಮೆ ಸುತ್ತಿದರೂ ಆ ವಾಸನೆ ಮಾತ್ರ ತವರಿನದು. ಅವಳ ಹೆತ್ತವ್ವ ಕುರಿ ಹಿಂದೆ ಹೋಗ್ತಾ, ಕಂಬಳಿಯ ಅಂಚು ಚಿವುಟಿ ನೋಡಿ, ಮಳೆ ಬರುತ್ತೆ ನಡಿಯೇ ಅನ್ನೋಳು. ಅವ್ವ ಅದನ್ನ ಎಲ್ಲೂ ನೇತುಹಾಕಿರಲಿಲ್ಲವಲ್ಲ, ಹೆಗಲ ಮೇಲೆ ಹೊದ್ದು ಗಾಳೀಲಿ ನಡೀತಿದ್ದಳಲ್ಲ!

ಮೂರನೇ ದಿನ ಕಂಬಳಿ ಹೊದ್ದು ಬೆಳಗಾಗ್ತಲೇ ಬೆಟ್ಟ ಹತ್ತಿದಳಂತೆ. ಮೈ ಬಿಸಿಗೆ ಅದು ಹೆಪ್ಪುಗಟ್ಟಲಿಲ್ಲ, ಚಿವುಟಿದ್ರೆ ಚರಚರ ಅಂತಂತೆ. ಇವತ್ತು ಬಿಸಿಲು ಅಂದಳು. ಆಕಾಶದ ತುಂಬ ಮೋಡ. ಹಾಗಾದ್ರೆ ನೀನೇ ಮೊದಲು ಜಾರು ಅಂತ ನಕ್ಕರಂತೆ ಎಲ್ಲರೂ. ಮಾಳವ್ವ ಹಲಗೆ ಕಟ್ಟಿಕೊಂಡು, ಕುಲದೇವರು ಬೀರಪ್ಪನ್ನ ಕೂಗಿಕೊಂಡು ಜಾರಿದಳಂತೆ, ಮೂರು ಸಲ ಬಿದ್ದಳಂತೆ, ಕೆಳಗೆ ತಲುಪಿ ತಲೆ ಎತ್ತೋ ಹೊತ್ತಿಗೆ ಮೋಡ ಹರಿದು ಬೆಟ್ಟಕ್ಕೆ ಬೆಟ್ಟವೇ ಹೊಳೀತಂತೆ. ಆಮೇಲೆ ಎಲ್ಲರೂ ಹೋ ಅಂತ ಜಾರಿ ಬಂದರಂತೆ, ಸಂಜೆವರೆಗೂ ಒಂದು ಚೂರು ಹಿಮ ಉದುರಲಿಲ್ಲವಂತೆ. ದೆಸ್ಕಿತಜ್ಜಿ ಅಂಗಳದಲ್ಲಿ ಕಾಲು ಚಾಚಿ, ಸರಿ ಮಗಳೇ, ನಿನ್ನ ಬಾಕಿ ತೀರಿತು ಅಂದಳಂತೆ.

ಕತೇನೂ ಅಲ್ಲಿಗೇ ಮುಗೀತು ಪುಟ್ಟಿ, ಮಲಗು.