ಎಂಟು ಏಟಿನ ಜಾಗ

"ಗುರುಗಳೇ, ಒಬ್ಬ ರಾಕ್ ಹಾಡುಗಾರ ತನ್ನ ತಂಡ ಬಿಟ್ಟು ಈಗ ಒಬ್ಬನೇ ಹಾಡುತ್ತಿದ್ದಾನೆ. ನನಗೆ ತಂಡದ ಹಾಡುಗಳೂ ಇಷ್ಟ, ಅವನೊಬ್ಬನ ಹಾಡುಗಳೂ ಇಷ್ಟ. ಯಾವುದು ಹೆಚ್ಚು ಎಂದು ತೂಗಿ ತೂಗಿ ಸಾಕಾಗಿದೆ. ತಾವೇ ಹೇಳಿ," ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನಿನ್ನಂಥವನೇ ಒಬ್ಬನಿದ್ದ, ಕೇಳು," ಎಂದರು.

ಒಂದು ಊರಿನಲ್ಲಿ ಒಬ್ಬ ಕ್ಯಾಸೆಟ್ ಅಂಗಡಿಯವನಿದ್ದ. ಜನ ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಬೇಕಾದ ಹಾಡು ತುಂಬಿಸಿಕೊಡುವುದು ಅವನ ಕಸುಬು. ಊರಿಗೆಲ್ಲ ಅದೊಂದೇ ಅಂಗಡಿ. ಅವನಿಗೂ ಒಬ್ಬ ಹಾಡುಗಾರನ ಹುಚ್ಚು. ಆ ಹಾಡುಗಾರನ ತಂಡದಲ್ಲಿ ಒಂದು ಪದ್ಧತಿಯಿತ್ತು. ಎರಡನೆಯ ಚರಣ ಮುಗಿದ ಕೂಡಲೇ ಅವನು ಗಿಟಾರಿನ ತಂತಿಯಿಂದ ಕೈ ತೆಗೆಯುತ್ತಿದ್ದ. ಡ್ರಮ್ ಬಾರಿಸುವ ಗೆಳೆಯ ಒಬ್ಬನೇ ಎಂಟು ಏಟು ಬಾರಿಸುತ್ತಿದ್ದ. ಆಮೇಲೆ ಎಲ್ಲರೂ ಸೇರಿಕೊಳ್ಳುತ್ತಿದ್ದರು. ಒಂದು ಹಾಡೂ ಇದಕ್ಕೆ ಹೊರತಾಗಿರಲಿಲ್ಲ.

ಗೆಳೆಯರಿಬ್ಬರೂ ಜಗಳವಾಡಿದರು, ತಂಡ ಒಡೆಯಿತು. ಎರಡು ವರ್ಷ ಮಾತಿಲ್ಲ. ಹಾಡುಗಾರ ಒಬ್ಬನೇ ಹೊಸ ಹಾಡುಗಳ ಕ್ಯಾಸೆಟ್ ತಂದ. ಅಂಗಡಿಯವನು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದ. ಆದರೆ ಪ್ರತಿ ಹಾಡಿನೊಳಗೂ ಒಂದು ಕಡೆ ಸದ್ದೇ ಇಲ್ಲ. ಟೇಪು ಕೆಟ್ಟಿದೆ ಎಂದುಕೊಂಡ. ಪ್ರೀತಿಯ ಹಾಡುಗಾರನಿಗೆ ಕೆಟ್ಟ ಹೆಸರು ಬರಬಾರದಲ್ಲ! ಕತ್ತರಿ ಹಿಡಿದು ಕೂತ. ಸದ್ದಿಲ್ಲದ ಕಡೆಯೆಲ್ಲ ಟೇಪು ಕತ್ತರಿಸಿ, ನಾಜೂಕಾಗಿ ಅಂಟಿಸಿ, ಅದರಿಂದಲೇ ಊರಿಗೆಲ್ಲ ಹಾಡು ತುಂಬಿಸಿಕೊಟ್ಟ.

ಒಂದು ದಿನ ಆ ಡ್ರಮ್ಮಿನವನೇ ಅಂಗಡಿಗೆ ಬಂದ. ಗೆಳೆಯನ ಬಳಿಗೆ ಮರಳುವ ಆಸೆ ಅವನಿಗೆ ಇದ್ದೇ ಇತ್ತು. ಹೊಸ ಹಾಡು ಕೇಳಬೇಕೆಂದ. ಅಂಗಡಿಯವನು ಹಿಗ್ಗಿನಿಂದ ಹಾಕಿದ. ಎರಡನೆಯ ಚರಣ ಮುಗಿಯುವಾಗ ಡ್ರಮ್ಮಿನವನ ಬೆರಳುಗಳು ಮೇಜಿನ ಮೇಲೆ ತಾವಾಗಿ ಎದ್ದವು. ಹಾಡು ನಿಲ್ಲದೆ ಮುಂದೆ ಹೋಯಿತು. ಇನ್ನೊಂದು ಹಾಡಿನಲ್ಲೂ ಹಾಗೆಯೇ ಆಯಿತು. ಅವನು ಚೀಲದಿಂದ ತನ್ನ ಎರಡು ಕೋಲು ತೆಗೆದು ಮೇಜಿನ ಮೇಲಿಟ್ಟ.

"ಇವು ನಿಮ್ಮ ಹತ್ರಾನೇ ಇರ್ಲಿ. ನನಗಿನ್ನು ಬೇಡ," ಎಂದವನು ಊರನ್ನೇ ಬಿಟ್ಟು ಹೋದ. ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ. ಅಂಗಡಿಯವನು ಆ ಕೋಲುಗಳನ್ನು ಹೆಮ್ಮೆಯಿಂದ ಗೋಡೆಗೆ ತೂಗುಹಾಕಿದ. ದಡ್ಡ!

ಆರು ತಿಂಗಳ ಮೇಲೆ ಹಾಡುಗಾರ ಬಂದ. ಗೋಡೆಯ ಮೇಲಿನ ಕೋಲುಗಳನ್ನು ನೋಡಿದ ಕೂಡಲೇ ಗುರುತು ಹಿಡಿದ.

"ಅವನು ಇಲ್ಲಿಗೆ ಬಂದಿದ್ನಾ? ನನ್ನ ಹಾಡು ಕೇಳಿದ್ನಾ?"

"ಕೇಳಿದ್ರು ಸ್ವಾಮಿ, ಎರಡು ಹಾಡು ಪೂರ್ತಿ ಕೇಳಿದ್ರು."

"ಅವನ ಎಂಟು ಏಟಿಗೆ ಅಂತ ಪ್ರತಿ ಹಾಡಲ್ಲೂ ಜಾಗ ಖಾಲಿ ಬಿಟ್ಟಿದ್ದೆ. ಬಾ ಅಂತ ಬಾಯಿಬಿಟ್ಟು ಕರೆಯೋಕೆ ನನ್ನ ಕೈಲಿ ಆಗ್ಲಿಲ್ಲ. ಅದನ್ನ ಕೇಳಿಯೂ ಬರಲಿಲ್ವಲ್ಲ!"

ಅಂಗಡಿಯವನ ಕಣ್ಣು ತನ್ನ ಕತ್ತರಿಯತ್ತ ಹೋಯಿತು. ತಂಡದ ಹಳೆಯ ಹಾಡುಗಳನ್ನು ಅವನು ಸಾವಿರ ಸಲ ಕೇಳಿದ್ದ. ಆ ಎಂಟು ಏಟು ಅವನಿಗೆ ಬಾಯಿಪಾಠವಾಗಿತ್ತು. ಕತ್ತರಿಸಿದ ಟೇಪಿನ ಚೂರುಗಳು ಕಸದ ಜೊತೆ ಹೋಗಿ ಎಷ್ಟೋ ದಿನವಾಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಛೇ! ಎರಡನ್ನೂ ಅಷ್ಟು ಪ್ರೀತಿಸಿದವನಿಗೆ ಅದು ಹೇಗೆ ಗೊತ್ತಾಗದೆ ಹೋಯಿತು?" ಎಂದ.

ಗುರುಗಳೆಂದರು: "ಅವನೂ ನಿನ್ನ ಹಾಗೆ ಎರಡನ್ನೂ ತಕ್ಕಡಿಯ ಬೇರೆ ಬೇರೆ ತಟ್ಟೆಯಲ್ಲಿಟ್ಟು ಕೇಳುತ್ತಿದ್ದ."