ಎರಡು ಕೊಕ್ಕಿನ ಗುರುತು

ಗೀಜಗದ ಜೋಡಿಯೊಂದು ಅಳಿಲಿನಿಂದ ನಾರು ಸಾಲ ತಂದು ಈಚಲ ಗರಿಗೆ ಗೂಡು ನೇಯ್ದಿತ್ತು. ಹೊಟ್ಟೆಪಾಡಿಗೆಂದು ಇರುವೆಯಿಂದ ನವಣೆಯನ್ನೂ ಸಾಲ ತಂದಿತ್ತು. ನವಣೆಯನ್ನು ವಾರಕ್ಕೆ ಹತ್ತು ಕಾಳಿನಂತೆ ಇಬ್ಬರೂ ಸೇರಿ ತೀರಿಸುವುದಾಗಿ ಕರಾರಾಗಿ, ಮುತ್ತುಗದ ಎಲೆಯ ಮೇಲೆ ಎರಡು ಕೊಕ್ಕಿನ ಗುರುತು ಬಿದ್ದಿತ್ತು.

ಆಮೇಲೆ ಜಗಳವಾಗಿ ಗಂಡುಹೆಣ್ಣು ಬೇರೆಯಾದವು. ನಾರಿನ ಕಂತು ನಿಂತಿತು. ಅಳಿಲು ಬಂದು ಗೂಡನ್ನೇ ಬಿಚ್ಚಿಕೊಂಡಿತು. "ಇಷ್ಟಾದರೂ ಇಪ್ಪತ್ತು ನಾರು ಕಡಿಮೆ ಬಿದ್ದಿದೆ, ಅದು ಬಾಕಿ" ಎಂದು ಹೇಳಿಯೂ ಹೋಯಿತು.

"ಇರುವೆಗೆ ಇದನ್ನೆಲ್ಲ ಹೇಳಬೇಡ. ಗೂಡಿನ ಜೊತೆ ಸಾಲವೂ ಹೋಯಿತು ಅಂದುಕೋ" ಎಂದು ಗಂಡು ಹಾರಿಹೋಯಿತು.

ಹೆಣ್ಣಿಗೆ ಆ ಮಾತು ಹಿಡಿಸಲಿಲ್ಲ. ನೆಟ್ಟಗೆ ಇರುವೆಯ ಬಳಿ ಹೋಗಿ, "ಇರುವೆಯಕ್ಕಾ, ನನಗೀಗ ಗೂಡಿಲ್ಲ, ಜೊತೆಯೂ ಇಲ್ಲ. ಅಳಿಲಿನ ಬಾಕಿ ಬೇರೆ ಇದೆ. ಹತ್ತು ಕಾಳು ಆಗದು, ನಾಲ್ಕು ತಪ್ಪದೆ ತರುತ್ತೇನೆ. ಕರಾರು ಬದಲಿಸಿಕೊಡು" ಎಂದಿತು.

"ಹೇಳದೆ ಒಂದು ವಾರ ತಪ್ಪಿಸಿದ್ದರೆ ಕರಾರು ಹರಿದುಹಾಕಿ ಪೂರಾ ನವಣೆ ಒಮ್ಮೆಗೇ ಕೇಳುತ್ತಿದ್ದೆ. ನೀನಾಗಿ ಬಂದು ಹೇಳಿದೆ. ನಾಲ್ಕೇ ಆಗಲಿ."

"ಉಳಿದ ಆರು?"

"ಬೇರೆಯಾದದ್ದು ನೀವು. ಎಲೆಯ ಮೇಲಿನ ಗುರುತುಗಳು ಅಲ್ಲ" ಎಂದಿತು ಇರುವೆ.

ಗಂಡು ಆಗಲೇ ಆಚೆಯ ಮರದಲ್ಲಿ ಹೊಸ ಗೂಡಿಗೆ ಮೊದಲ ನಾರು ಸುತ್ತುತ್ತಿತ್ತು. ಹೆಣ್ಣು ನಾಲ್ಕು ಕಾಳು ಒಪ್ಪಿಸಿ ಹೊರಡುವಷ್ಟರಲ್ಲಿ, ಆ ಮರದ ಬುಡದಿಂದ ಇರುವೆಗಳ ಸಾಲು ಮೇಲೇರತೊಡಗಿತ್ತು.